ವಾರಕ್ಕೆ ನಾಲ್ಕು ರೊಟ್ಟಿ: ಫುಸ್ತಾತ್‌ನ ಯಹೂದಿಗಳು ತಮ್ಮ ಬಡವರನ್ನು ಸಲಹಿದ ಬಗೆ

ಈಜಿಪ್ಟಿನ ಹಳೆಯ ಪಟ್ಟಣ ಫುಸ್ತಾತ್ ಇಂದು ಕೈರೋ ನಗರದ ದಕ್ಷಿಣದ ಒಂದು ಭಾಗ. ಹನ್ನೆರಡನೆಯ ಶತಮಾನದ ಮೊದಲ ದಶಕಗಳಲ್ಲಿ ಅಲ್ಲಿನ ಯಹೂದಿ ಸಮುದಾಯ ಮಂಗಳವಾರ ಮತ್ತು ಶುಕ್ರವಾರ ಬಡವರಿಗೆ ರೊಟ್ಟಿ ಹಂಚುತ್ತಿತ್ತು. ಗೋಧಿ ಹಿಟ್ಟನ್ನು ಹುದುಗಿಸಿ ಒಲೆಯಲ್ಲಿ ಬೇಯಿಸಿದ ರೊಟ್ಟಿ ಅದು. ಒಂದರ ತೂಕ ಸುಮಾರು 450 ಗ್ರಾಂ. ಸಾಮಾನ್ಯವಾಗಿ ಒಬ್ಬ ವಯಸ್ಕರ ಪಾಲು ವಾರಕ್ಕೆ ನಾಲ್ಕು.

ಲೆಕ್ಕ ಹಾಕಿದರೆ ವಾರಕ್ಕೆ 1.8 ಕಿಲೊ, ದಿನಕ್ಕೆ ಸುಮಾರು 257 ಗ್ರಾಂ. ಇಂದಿನ ಅಳತೆಯಲ್ಲಿ ಹೆಚ್ಚೆಂದರೆ 650 ಕ್ಯಾಲೊರಿ. ಮೈ ಬಗ್ಗಿಸಿ ದುಡಿಯುವವರಿಗೆ ದಿನಕ್ಕೆ ಬೇಕಾದದ್ದರಲ್ಲಿ ಇದು ಮೂರನೇ ಒಂದು ಪಾಲೂ ಅಲ್ಲ. ಆದರೆ ಯಹೂದಿಗಳ ಮೂಲ ಧರ್ಮಗ್ರಂಥ ತೋರಾದ ಧರ್ಮೋಪದೇಶಕಾಂಡ 15:8 ಹೇಳುವುದು ಬೇರೆ: ಬಡ ಸಹೋದರನಿಗೆ ಕೈ ಬಿಚ್ಚಿ, ಅವನಿಗೆ ಏನು ಕೊರತೆಯೋ ಆ ಕೊರತೆ ತುಂಬುವಷ್ಟು ಕೊಡು. ಶಾಸ್ತ್ರ ಬಲ್ಲ, ಶಾಸ್ತ್ರಕ್ಕೆ ಅಂಜುವ ಒಂದು ಸಮುದಾಯ ಹಸಿವು ನೀಗದ ಅಳತೆಯೊಂದನ್ನು ವರ್ಷಗಟ್ಟಲೆ ಹಂಚಿತು. ಅದೇಕೆ ಎಂಬುದು ಈ ಪ್ರಕರಣದ ಪ್ರಶ್ನೆ. ನಾಲ್ಕು ರೊಟ್ಟಿಯನ್ನಷ್ಟೇ ಎತ್ತಿ ತೂಗಿದರೆ ಉತ್ತರ ಸಿಗುವುದಿಲ್ಲ. ಅದು ಇಡೀ ಏರ್ಪಾಡಿನ ತಳದ ಕಲ್ಲು. ಮೇಲಿನ ಕಟ್ಟಡವನ್ನೂ ನೋಡಬೇಕು. ನೋಡಿದ ಮೇಲೂ ಒಂದು ಕಡೆ ಬಿರುಕು ಉಳಿಯುತ್ತದೆ. ಅದನ್ನು ಮುಚ್ಚಿಡುವ ಉದ್ದೇಶ ನಮಗಿಲ್ಲ.

ಇಷ್ಟು ವಿವರ ನಮಗೆ ತಿಳಿದಿರುವುದು ಫುಸ್ತಾತ್‌ನ ಬೆನ್ ಎಜ್ರಾ ಸಿನಗಾಗಿನ (ಯಹೂದಿ ಪ್ರಾರ್ಥನಾಮಂದಿರದ) ಒಂದು ಕೋಣೆಯಿಂದ. ದೇವರ ಹೆಸರು ಇರಬಹುದಾದ ಬರಹವನ್ನು ಹರಿದು ಎಸೆಯಬಾರದೆಂದು ಹಳೆಯ ಕಾಗದಗಳನ್ನೆಲ್ಲ ಆ ಕೋಣೆಗೆ ಹಾಕುತ್ತಿದ್ದರು. ಪ್ರಾರ್ಥನೆಯ ಪುಸ್ತಕದ ಹಾಳೆಗಳ ಜೊತೆಗೆ ಬಾಡಿಗೆ ಲೆಕ್ಕ, ಮದುವೆ ಕರಾರು, ವ್ಯಾಪಾರದ ಪತ್ರ, ಬಡವರ ಪಟ್ಟಿ ಎಲ್ಲವೂ ಅಲ್ಲಿ ಸೇರಿದವು. ಈ ಭಂಡಾರಕ್ಕೆ ಗೆನಿಜಾ ಎಂದು ಹೆಸರು. 1896–97ರಲ್ಲಿ ಪಂಡಿತ ಸಾಲೊಮನ್ ಶೆಕ್ಟರ್ ಅದರ ಬಹುಭಾಗವನ್ನು ಕೇಂಬ್ರಿಜ್‌ಗೆ ಸಾಗಿಸಿದರು. ಅಲ್ಲೊಂದರಲ್ಲೇ ಎರಡು ಲಕ್ಷಕ್ಕೆ ಹತ್ತಿರದಷ್ಟು ತುಣುಕುಗಳಿವೆ. ದಾನದ ಪಟ್ಟಿಗಳನ್ನು ಓದಿ ಅರ್ಥ ಬಿಡಿಸಿದವರಲ್ಲಿ ಮೊದಲ ಹೆಸರು ಇತಿಹಾಸಕಾರ ಎಸ್. ಡಿ. ಗೋಯ್ಟೈನ್ ಅವರದು. ದತ್ತಿ ಆಸ್ತಿಗಳ ಲೆಕ್ಕವನ್ನು ಮೋಶೆ ಗಿಲ್, ಬಡವರ ಮನವಿ ಪತ್ರಗಳನ್ನು ಮಾರ್ಕ್ ಕೊಹೆನ್ ಹೊರತಂದರು.

ಕೈಯಲ್ಲಿದ್ದ ನಿಯಮಗಳು

ಫುಸ್ತಾತ್‌ನವರು ಬರಿಗೈಯಲ್ಲಿ ಆರಂಭಿಸಲಿಲ್ಲ. ಸುಮಾರು ಕ್ರಿ.ಶ. 200ರ ಹೊತ್ತಿಗೆ ಸಂಕಲನಗೊಂಡ ಯಹೂದಿ ಧರ್ಮನಿಯಮಗಳ ಸಂಗ್ರಹ ಮಿಶ್ನಾದ ‘ಪೇಆ’ ಎಂಬ ಭಾಗದ ಎಂಟನೆಯ ಅಧ್ಯಾಯದಲ್ಲಿ ಯಾರು ನೆರವು ಪಡೆಯಬಹುದು, ಎಷ್ಟು ಪಡೆಯಬಹುದು ಎಂಬುದು ಅಂಕಿಗಳಲ್ಲೇ ಇದೆ. ಊರಿನಿಂದ ಊರಿಗೆ ಹೋಗುವ ಬಡವ ಬಂದರೆ ಅವನಿಗೆ ಕನಿಷ್ಠ ಒಂದು ‘ಪುಂಡಿಯೋನ್’ (ಚಿಕ್ಕ ನಾಣ್ಯ) ಬೆಲೆಯ ರೊಟ್ಟಿ ಕೊಡಬೇಕು. ಆ ಬೆಲೆಯನ್ನು ಗೋಧಿಯ ದರಕ್ಕೆ ಕಟ್ಟಿದ್ದಾರೆ: ನಾಲ್ಕು ‘ಸೆಆ’ ಗೋಧಿಗೆ ಒಂದು ‘ಸೆಲಾ’ ನಾಣ್ಯ ಇದ್ದಾಗ ಪುಂಡಿಯೋನಿಗೆ ಬರುವ ರೊಟ್ಟಿ. ಮಿಶ್ನಾದ ಇನ್ನೊಂದು ಭಾಗ ಇದೇ ರೊಟ್ಟಿಯನ್ನು ಎರಡು ಊಟದ ಅಳತೆಯಾಗಿ ಹೇಳುತ್ತದೆ. ದರ ಏರಿದರೂ ಇಳಿದರೂ ಬಡವನ ತಟ್ಟೆಗೆ ಬೀಳುವುದು ಕಡಿಮೆಯಾಗಬಾರದು ಎಂಬ ಎಚ್ಚರ ಈ ಲೆಕ್ಕದಲ್ಲಿದೆ. ರಾತ್ರಿ ಉಳಿದರೆ ಮಲಗಲು ಬೇಕಾದ್ದು ಕೊಡಬೇಕು. ವಾರದ ವಿಶ್ರಾಂತಿಯ ದಿನವಾದ ಸಬ್ಬತ್ (ಶನಿವಾರ) ಉಳಿದರೆ ಮೂರು ಊಟ ಕೊಡಬೇಕು.

ಅದೇ ಅಧ್ಯಾಯ ಎರಡು ಬಗೆಯ ನಿಧಿಗಳನ್ನು ಹೇಳುತ್ತದೆ. ‘ತಮ್ಹೂಯಿ’ ಎಂಬುದು ದಿನದ ಪಾತ್ರೆ. ಮನೆಮನೆಯಿಂದ ಅಡುಗೆ, ರೊಟ್ಟಿ ಒಟ್ಟುಮಾಡಿ ಅಂದೇ ಹಂಚುವುದು. ‘ಕುಪ್ಪಾ’ ಎಂಬುದು ವಾರದ ಹುಂಡಿ. ಹಣ ಒಟ್ಟುಮಾಡಿ ಶುಕ್ರವಾರ ಹಂಚುವುದು. ಎರಡು ಊಟಕ್ಕಾಗುವಷ್ಟು ಮನೆಯಲ್ಲಿದ್ದವನು ದಿನದ ಪಾತ್ರೆಗೆ ಕೈಯೊಡ್ಡಬಾರದು. ಹದಿನಾಲ್ಕು ಊಟಕ್ಕಾಗುವಷ್ಟು ಇದ್ದವನು ವಾರದ ಹುಂಡಿಗೆ ಕೈಯೊಡ್ಡಬಾರದು. ಹೊಲದಲ್ಲಿ ಬಡವರಿಗೆಂದು ಬಿಟ್ಟ ತೆನೆಯ ವಿಷಯದಲ್ಲಿ ಗೆರೆ ಎಳೆದದ್ದು 200 ‘ಜೂಜ್’ ಹಣಕ್ಕೆ: ಅಷ್ಟಿದ್ದವನು ತೆಗೆದುಕೊಳ್ಳುವಂತಿಲ್ಲ. ಆದರೆ 199 ಇದ್ದರೆ, ಒಂದೇ ಬಾರಿಗೆ ಸಾವಿರ ಬಂದರೂ ತೆಗೆದುಕೊಳ್ಳಬಹುದು. ಕೈಯಲ್ಲಿ 50 ಜೂಜ್ ಇದ್ದು ಅದನ್ನು ವ್ಯಾಪಾರದಲ್ಲಿ ತಿರುಗಿಸುತ್ತಿರುವವನು ಮಾತ್ರ ತೆಗೆದುಕೊಳ್ಳಬಾರದು. ದುಡಿಯುವ ಐವತ್ತು, ಸುಮ್ಮನೆ ಬಿದ್ದಿರುವ ಇನ್ನೂರಕ್ಕೆ ಸಮ. ನೆರವು ಬೇಕಾದರೆ ಮೊದಲು ಮನೆ ಮಾರು, ಪಾತ್ರೆಪರಡಿ ಮಾರು ಎಂದು ಯಾರನ್ನೂ ಒತ್ತಾಯಿಸುವಂತಿಲ್ಲ. ಈ ಕೊನೆಯ ಮಾತನ್ನು ಇಂದಿನ ಎಷ್ಟೋ ಕಲ್ಯಾಣ ಯೋಜನೆಗಳು ಇನ್ನೂ ಕಲಿತಿಲ್ಲ. ಸೂರು ಕಳೆದುಕೊಂಡವನಿಗೆ ಮಾತ್ರ ನೆರವು ಎಂದರೆ ಬಡತನವನ್ನು ನಾವೇ ಆಳಕ್ಕೆ ಇಳಿಸಿದ ಹಾಗೆ.

ಹಣ ಮುಟ್ಟುವವರ ಬಗ್ಗೆ, ಮಿಶ್ನಾದ ಮೇಲಿನ ಚರ್ಚೆಗಳ ಗ್ರಂಥವಾದ ತಾಲ್ಮುದ್ (ಬಾವಾ ಬಾತ್ರಾ 8ಬಿ) ಇನ್ನೂ ಬಿಗಿಯಾಗಿದೆ. ಹುಂಡಿಯ ಹಣವನ್ನು ಇಬ್ಬರು ಒಟ್ಟುಮಾಡಬೇಕು, ಮೂವರು ಹಂಚಬೇಕು. ವಸೂಲಿ ಎಂದರೆ ಸಮುದಾಯದ ಮೇಲೆ ಅಧಿಕಾರ ನಡೆಸುವ ಕೆಲಸ, ಅದಕ್ಕೆ ಇಬ್ಬರಿಗಿಂತ ಕಡಿಮೆ ಕೂಡದು. ಹಂಚಿಕೆ ಹಣದ ವ್ಯಾಜ್ಯದ ತೀರ್ಪಿಗೆ ಸಮ, ಅದಕ್ಕೆ ಮೂವರು ಬೇಕು. ದಿನದ ಪಾತ್ರೆಯಲ್ಲಿ ಒಟ್ಟುಗೂಡಿಕೆ, ಹಂಚಿಕೆ ಎರಡೂ ಅಂದೇ ಆಗುವುದರಿಂದ ಎರಡಕ್ಕೂ ಮೂವರು. ವಸೂಲಿಗೆ ಹೋದ ಇಬ್ಬರು ದಾರಿಯಲ್ಲಿ ಬೇರೆಬೇರೆಯಾಗಬಾರದು. ದಾರಿಯಲ್ಲಿ ಬಿದ್ದ ನಾಣ್ಯ ಸಿಕ್ಕರೆ ತನ್ನ ಜೇಬಿಗೆ ಹಾಕದೆ ಹುಂಡಿಗೇ ಹಾಕಿ, ಮನೆಗೆ ಹೋದ ಮೇಲೆ ತೆಗೆದುಕೊಳ್ಳಬೇಕು. ಇಲ್ಲವಾದರೆ ನೋಡಿದವರು ದಾನದ ದುಡ್ಡು ಜೇಬಿಗಿಳಿಯಿತೆಂದು ತಿಳಿದಾರು. ಹುಂಡಿಯ ಚಿಲ್ಲರೆಯನ್ನು ದೊಡ್ಡ ನಾಣ್ಯಕ್ಕೆ ಬದಲಾಯಿಸುವಾಗ ಬೇರೆಯವರೊಡನೆ ಬದಲಾಯಿಸಬೇಕು, ತನ್ನೊಡನೆ ತಾನೇ ಅಲ್ಲ. ಪಾತ್ರೆಯಲ್ಲಿ ಉಳಿದ ಅಡುಗೆಯನ್ನು ಹೊರಗಿನವರಿಗೆ ಮಾರಬೇಕು, ತಾನೇ ಕೊಳ್ಳಬಾರದು. ನಾಣ್ಯ ಎಣಿಸುವಾಗಲೂ ಎರಡೆರಡಾಗಿ ಎಣಿಸದೆ ಒಂದೊಂದಾಗಿ ಎಣಿಸಬೇಕು. ಹೀಗೆಲ್ಲ ಕಟ್ಟಿ, ಅದೇ ತಾಲ್ಮುದ್ ಮುಂದಿನ ಪುಟದಲ್ಲಿ, ಇಂಥ ಮೇಲ್ವಿಚಾರಕರ ಬಳಿ ಲೆಕ್ಕ ಕೇಳಬಾರದು ಎನ್ನುತ್ತದೆ. ಮೊದಲೇ ಅಷ್ಟು ಕಣ್ಣುಗಳ ಎದುರು ಕೆಲಸ ನಡೆಯುವುದರಿಂದಲೇ ಆಮೇಲೆ ನಂಬಿಕೆ ಇಡಲು ಸಾಧ್ಯ ಎಂದು ನಾವು ಇದನ್ನು ಓದುತ್ತೇವೆ. ಫುಸ್ತಾತ್‌ನವರು ಆ ರಿಯಾಯಿತಿಗೆ ಕಾಯದೆ ಲೆಕ್ಕ ಬರೆದರು. ಬರೆದದ್ದರಿಂದಲೇ ಇಂದು ನಮಗೆ ಓದಲು ಸಿಕ್ಕಿದೆ.

ರೊಟ್ಟಿಯ ದಿನ

ಫುಸ್ತಾತ್‌ನಲ್ಲಿ ರಬ್ಬಿಗಳ (ಧರ್ಮಪಂಡಿತರ) ಪರಂಪರೆಯನ್ನು ಒಪ್ಪುವವರ ಎರಡು ಸಿನಗಾಗುಗಳಿದ್ದವು. ಒಂದು ಪ್ಯಾಲೆಸ್ಟೀನ್ ಪದ್ಧತಿಯವರದು, ಇನ್ನೊಂದು ಬ್ಯಾಬಿಲೋನ್ ಪದ್ಧತಿಯವರದು. ಪ್ರಾರ್ಥನೆಯಲ್ಲಿ, ಮುಖಂಡತ್ವದಲ್ಲಿ ಇವರ ನಡುವೆ ಪೈಪೋಟಿ ಇತ್ತು. ಬಡವರ ವಿಷಯಕ್ಕೆ ಬಂದಾಗ ಮಾತ್ರ ಕೆಲಸ ಒಟ್ಟಿಗೆ ನಡೆಯುತ್ತಿತ್ತು. ನೋಡಿಕೊಳ್ಳುತ್ತಿದ್ದವರು ‘ಪರ್ನಾಸ್’ ಎಂಬ ಸಮುದಾಯದ ಮೇಲ್ವಿಚಾರಕರು. ಬಾಡಿಗೆ ವಸೂಲಿ, ಕಟ್ಟಡದ ದುರಸ್ತಿ, ರೊಟ್ಟಿಯ ಖರೀದಿ, ಬಡವರ ಪಟ್ಟಿ ಎಲ್ಲವೂ ಅವರ ತಲೆಯ ಮೇಲೆ.

ಕೆಲಸದ ಕ್ರಮ ಪಟ್ಟಿಗಳಿಂದಲೇ ತಿಳಿಯುತ್ತದೆ. ರೊಟ್ಟಿಯನ್ನು ಬೇಯಿಸುವವರಿಂದ ಕೊಳ್ಳುತ್ತಿದ್ದರು. ಎಣಿಕೆ ಎಷ್ಟು, ತೂಕ ಎಷ್ಟು, ಬೆಲೆ ಎಷ್ಟು ಎಂದು ಬರೆದಿಟ್ಟ ಲೆಕ್ಕಗಳಿವೆ. ಎಣಿಕೆ ಇದ್ದರೂ ತೂಕವನ್ನು ಬರೆದದ್ದು ಮುಖ್ಯ: ಗೋಧಿ ತುಟ್ಟಿಯಾದಾಗ ಬೆಲೆ ಏರಿಸುವ ಬದಲು ರೊಟ್ಟಿಯನ್ನು ಕಿರಿದು ಮಾಡುವುದು ಎಲ್ಲ ಕಾಲದ ಒಲೆಯವರ ಉಪಾಯ. ‘ನಾಲ್ಕು’ ಎಂಬ ಅಂಕಿ ಕದಲದೆ ಬಡವನ ಪಾಲು ಮಾತ್ರ ಕರಗುವುದು ಹೀಗೆ. ತೂಕ ಬರೆದರೆ ಈ ಕಳವು ಕಣ್ಣಿಗೆ ಬೀಳುತ್ತದೆ.

ಪಟ್ಟಿಯ ಭಾಷೆ ಹೀಬ್ರೂ ಲಿಪಿಯಲ್ಲಿ ಬರೆದ ಅರೇಬಿಕ್. ಒಂದೊಂದು ಸಾಲಿನಲ್ಲಿ ಒಂದು ಹೆಸರು, ಪಕ್ಕದಲ್ಲಿ ರೊಟ್ಟಿಯ ಸಂಖ್ಯೆ. ಹೆಸರು ಎಂದರೆ ಪೂರ್ಣ ಹೆಸರೇ ಆಗಬೇಕಿಲ್ಲ. ಕುರುಡ, ವಿಧವೆ, ಇಂಥವನ ಹೆಂಡತಿ, ರೂಮ್ (ಬೈಜಾಂಟಿಯಮ್, ಯುರೋಪು) ಸೀಮೆಯಿಂದ ಬಂದವನು, ಇಂಥ ಕಸುಬಿನವನು ಎಂಬಂಥ ಗುರುತುಗಳೇ ಬಹಳ. ಕೆಲವರ ಹೆಸರಿನ ಕಡೆ ‘ಇಂಥವರಿಗೆ ಪರಿಚಿತ’ ಎಂದು ಇದೆ. ಗುರುತಿಲ್ಲದ ಹೊಸಬನೊಬ್ಬ ಪಟ್ಟಿಗೆ ಸೇರಬೇಕಾದರೆ ಊರಿನ ಯಾರೋ ಒಬ್ಬರು ಅವನನ್ನು ಬಲ್ಲೆವೆಂದು ಹೇಳಬೇಕಿತ್ತು. ಆ ಹೇಳಿದವರ ಹೆಸರೂ ಪಟ್ಟಿಯಲ್ಲಿ ಉಳಿಯುತ್ತಿತ್ತು. ನೂರಾರು ಮಂದಿಯನ್ನು ವಾರಕ್ಕೆರಡು ಸಲ ಸಂಭಾಳಿಸಬೇಕಾದವರಿಗೆ ಇದಕ್ಕಿಂತ ಅಗ್ಗದ, ಚುರುಕಾದ ಪರಿಶೀಲನೆ ಇನ್ನೊಂದಿರಲಾರದು.

ಮಂಗಳವಾರ, ಶುಕ್ರವಾರಗಳನ್ನೇ ಏಕೆ ಆರಿಸಿದರು? ಶುಕ್ರವಾರಕ್ಕೆ ತಾಲ್ಮುದ್‌ನ ಆಧಾರವಿದೆ, ಮರುದಿನ ಸಬ್ಬತ್. ಆದರೆ ಹಣವಾದರೆ ವಾರಕ್ಕೊಮ್ಮೆ ಕೊಟ್ಟರೆ ಸಾಕು, ರೊಟ್ಟಿ ಹಾಗಲ್ಲ. ಈಜಿಪ್ಟಿನ ಬಿಸಿಲಿಗೆ ಏಳು ದಿನ ಇಟ್ಟ ರೊಟ್ಟಿ ಕಲ್ಲಾಗುತ್ತದೆ, ಇಲ್ಲವೆ ಬೂಸಲು ಹಿಡಿಯುತ್ತದೆ. ಮಂಗಳವಾರ ಸೇರಿಸಿದರೆ ನಡುವಿನ ಅಂತರ ಮೂರು ದಿನ, ನಾಲ್ಕು ದಿನ ಎಂದಾಗುತ್ತದೆ. ಹೀಗೆ ವಾರದ ಹುಂಡಿಯ ಲೆಕ್ಕಾಚಾರವನ್ನೂ ದಿನದ ಪಾತ್ರೆಯ ಪದಾರ್ಥವನ್ನೂ ಕೂಡಿಸಿ ಫುಸ್ತಾತ್ ತನಗೊಗ್ಗುವ ಮೂರನೆಯ ಬಗೆಯೊಂದನ್ನು ಮಾಡಿಕೊಂಡಿತು. 1168ರ ಹೊತ್ತಿಗೆ ಈ ಊರಿಗೆ ಬಂದು ನೆಲೆಸಿದ ಮಹಾಪಂಡಿತ, ವೈದ್ಯ ಮೋಸೆಸ್ ಮೈಮೊನಿಡಿಸ್ ತನ್ನ ಧರ್ಮಸಂಹಿತೆಯಲ್ಲಿ, ಹುಂಡಿ ಇಲ್ಲದ ಯಹೂದಿ ಊರನ್ನು ತಾನು ಕಂಡೂ ಇಲ್ಲ ಕೇಳಿಯೂ ಇಲ್ಲ, ದಿನದ ಪಾತ್ರೆ ಮಾತ್ರ ಕೆಲವೆಡೆ ಉಂಟು ಕೆಲವೆಡೆ ಇಲ್ಲ ಎಂದು ಬರೆದಿದ್ದಾನೆ. ನಿಯಮದ ಅಕ್ಷರ ಸಡಿಲಿಸಿ ಉದ್ದೇಶ ಕಾಯುವುದು ಅವನ ಕಾಲಕ್ಕೆ ರೂಢಿಯೇ ಆಗಿತ್ತು.

ಹಣ ಎಲ್ಲಿಂದ

ಎರಡು ದಾರಿಗಳಿದ್ದವು. ಮೊದಲನೆಯದು ವಾಗ್ದಾನ. ಸಮುದಾಯದ ಸದಸ್ಯರು ಇಷ್ಟಿಷ್ಟು ದಿರ್ಹಂ (ಬೆಳ್ಳಿ ನಾಣ್ಯ) ಕೊಡುತ್ತೇನೆಂದು ಒಪ್ಪಿಕೊಳ್ಳುತ್ತಿದ್ದರು. ಆ ಪಟ್ಟಿಗಳೂ ಉಳಿದಿವೆ. ಅದರಲ್ಲಿ ದೊಡ್ಡ ವರ್ತಕರಿದ್ದಾರೆ, ಚಿಕ್ಕಪುಟ್ಟ ಮೊತ್ತ ಬರೆಸಿದ ಕಸುಬುದಾರರೂ ಇದ್ದಾರೆ. ಶಾಸ್ತ್ರದ ಪ್ರಕಾರ ಆದಾಯದ ಹತ್ತನೇ ಒಂದು ಪಾಲು ಸಾಧಾರಣ, ಐದನೇ ಒಂದು ಪಾಲು ಉತ್ತಮ. ಐದನೇ ಒಂದಕ್ಕಿಂತ ಹೆಚ್ಚು ಕೊಟ್ಟು ತಾನೇ ಬೇಡುವ ಸ್ಥಿತಿಗೆ ಬರಬಾರದೆಂದು ಉಷಾ ಎಂಬಲ್ಲಿ ಸೇರಿದ್ದ ಪಂಡಿತರು ಮೇಲಿನ ಮಿತಿಯನ್ನೂ ಹಾಕಿದ್ದರು. ದಾನದಿಂದಲೇ ಬದುಕುವವನೂ ತನ್ನ ಪಾಲಿನಿಂದ ಒಂದಿಷ್ಟು ದಾನ ಕೊಡಬೇಕು. ಕೊಡಲೊಲ್ಲದ ಉಳ್ಳವನನ್ನು ನ್ಯಾಯಮಂಡಳಿ ಬಲವಂತಪಡಿಸಬಹುದು. ಅವನ ವಸ್ತು ಒತ್ತೆ ಹಿಡಿಯಬಹುದು. ರಾವಾ ಎಂಬ ಪಂಡಿತ ಹೀಗೆಯೇ ಒಬ್ಬನಿಂದ 400 ಜೂಜ್ ವಸೂಲು ಮಾಡಿದನೆಂದು ತಾಲ್ಮುದ್‌ನಲ್ಲಿದೆ.

ವಾಗ್ದಾನದ ತೊಂದರೆ ಎಲ್ಲರಿಗೂ ಗೊತ್ತಿರುವುದೇ. ಸಭೆಯ ಎದುರು ಹೇಳಿದ ಮೊತ್ತ, ಕೈಗೆ ಬಂದ ಮೊತ್ತ ಒಂದೇ ಆಗಿರುವುದಿಲ್ಲ. ರೊಟ್ಟಿಯವನಿಗೆ ಹಣ ಇಂದೇ ಬೇಕು, ದಾನಿಯ ಹಡಗು ಮುಂದಿನ ತಿಂಗಳು ಬರುತ್ತದೆ.

ಆದ್ದರಿಂದ ಎರಡನೆಯ ದಾರಿ, ‘ಹೆಕ್ದೇಶ್’ ಅಥವಾ ದತ್ತಿ ಆಸ್ತಿ. ಸಾಯುವ ಮುಂಚೆ ಕೆಲವರು ಮನೆಯನ್ನೋ ಮನೆಯ ಒಂದು ಪಾಲನ್ನೋ ಸಮುದಾಯಕ್ಕೆ ಬರೆದುಕೊಡುತ್ತಿದ್ದರು. ಬಾಡಿಗೆ ಸಿನಗಾಗಿನ ದೀಪದ ಎಣ್ಣೆಗೆ, ಪಂಡಿತರ ಮತ್ತು ಸಿಬ್ಬಂದಿಯ ಸಂಬಳಕ್ಕೆ, ಬಡವರಿಗೆ. ಕಾಗದದ ಮೇಲೆ ಇದು ವಾಗ್ದಾನಕ್ಕಿಂತ ಭದ್ರ. ಆದರೆ ಲೆಕ್ಕಗಳನ್ನು ಓದಿದರೆ ಬಾಡಿಗೆಯ ಬಹುಪಾಲನ್ನು ಕಟ್ಟಡಗಳೇ ತಿಂದದ್ದು ಕಾಣುತ್ತದೆ: ಗೋಡೆ, ಮಾಳಿಗೆ, ಕೊಳಚೆ ಗುಂಡಿಯ ಶುದ್ಧಿ, ಕೂಲಿ. ಉಳಿದದ್ದರಲ್ಲಿ ಸಂಬಳಗಳು ಹೋಗಿ, ನೇರವಾಗಿ ಬಡವರ ಕೈ ಸೇರಿದ್ದು ಸಣ್ಣ ಪಾಲು. ಕಾರಣ ಕಷ್ಟದ್ದೇನಲ್ಲ. ದತ್ತಿಯಾಗಿ ಬಂದ ಮನೆಗಳು ಹೆಚ್ಚಾಗಿ ಹಳೆಯವು. ಪಾಲುದಾರಿಕೆಯ ಮನೆಯಾದರೆ ದುರಸ್ತಿಗೆ ಇತರ ಪಾಲುದಾರರ ಒಪ್ಪಿಗೆ ಬೇಕು. ಬಾಡಿಗೆದಾರರಲ್ಲಿ ಬಡವರೂ ಇದ್ದು, ಬಾಕಿಗಾಗಿ ಅವರನ್ನು ಹೊರಹಾಕುವುದು ದತ್ತಿಯ ಉದ್ದೇಶಕ್ಕೇ ವಿರುದ್ಧ. ಇಂದು ದೇವಸ್ಥಾನಕ್ಕೋ ವಿದ್ಯಾರ್ಥಿನಿಲಯಕ್ಕೋ ಮನೆ ಬರೆದುಕೊಡುವವರು ಈ ಲೆಕ್ಕಗಳನ್ನು ಒಮ್ಮೆ ನೋಡಬೇಕು: ಆಸ್ತಿಯ ಜೊತೆಗೆ ದುರಸ್ತಿಯ ಹಣವನ್ನೂ ಕೊಡದಿದ್ದರೆ ಕೊಟ್ಟದ್ದು ಅರ್ಧ ದಾನ.

ಸಾಲಿನಲ್ಲಿ ನಿಂತವರು

ಬಡವರೆಂದರೆ ಊರಿನ ಬಡವರು ಎಂದು ನಾವು ತಿಳಿಯುತ್ತೇವೆ. ಫುಸ್ತಾತ್‌ನ ಪಟ್ಟಿಗಳಲ್ಲಿ ಹೊರಗಿನವರು ಎದ್ದು ಕಾಣುತ್ತಾರೆ. ಬೈಜಾಂಟಿಯಮ್ ಮತ್ತು ಯುರೋಪಿನ ಕಡೆಯಿಂದ ಬಂದವರು, 1099ರಲ್ಲಿ ಜೆರುಸಲೇಮ್ ಯುರೋಪಿನ ಕ್ರೈಸ್ತ ಧರ್ಮಯೋಧರಾದ ಕ್ರುಸೇಡರುಗಳ ವಶವಾದ ಮೇಲೆ ಪ್ಯಾಲೆಸ್ಟೀನಿನಿಂದ ಓಡಿಬಂದವರು, ಕಡಲುಗಳ್ಳರ ಕೈಯಿಂದ ಬಿಡಿಸಿಕೊಂಡವರು. ಹಲವರಿಗೆ ಅರೇಬಿಕ್ ಬಾರದು, ಬಂಧುಗಳಿಲ್ಲ, ಕಸುಬಿಗೆ ಉಪಕರಣವಿಲ್ಲ.

ತಾಲ್ಮುದ್‌ನಲ್ಲಿ ಒಂದು ಮೆಟ್ಟಿಲು ಪಟ್ಟಿ ಇದೆ: ಊರಿಗೆ ಬಂದು 30 ದಿನವಾದವನು ದಿನದ ಪಾತ್ರೆಗೆ ಕೊಡಬೇಕು, ಮೂರು ತಿಂಗಳಾದವನು ಹುಂಡಿಗೆ, ಆರು ತಿಂಗಳಾದವನು ಬಟ್ಟೆಯ ನಿಧಿಗೆ, ಒಂಬತ್ತು ತಿಂಗಳಾದವನು ಹೆಣ ಸಂಸ್ಕಾರದ ನಿಧಿಗೆ, ಹನ್ನೆರಡು ತಿಂಗಳಾದವನು ಊರಗೋಡೆಯ ಖರ್ಚಿಗೆ. ಗಮನಿಸಿ, ಇದು ಕೊಡಬೇಕಾದವರಿಗೆ ಹಾಕಿದ ಅವಧಿ. ಹಸಿದು ಬಂದವನಿಗೆ ಕಾಯುವ ಅವಧಿ ಹಾಕಿಲ್ಲ. ಗುರುತಿಲ್ಲದವನು ಬಂದು ಹಸಿವೆ ಎಂದರೆ ವಿಚಾರಣೆ ಇಲ್ಲದೆ ಊಟ ಕೊಡಬೇಕು. ಬಟ್ಟೆ ಕೇಳಿದರೆ ವಿಚಾರಿಸಿ ಕೊಡಬಹುದು ಎಂಬುದು ಮೈಮೊನಿಡಿಸ್‌ನ ನಿರ್ಣಯ. ಹಸಿವು ತಡೆಯದು, ಬಟ್ಟೆ ಎರಡು ದಿನ ತಡೆದೀತು. ಯಹೂದ್ಯೇತರ ಬಡವರಿಗೂ ಶಾಂತಿಯ ಮಾರ್ಗವೆಂದು ಕೊಡಬೇಕೆಂಬುದು ಮಿಶ್ನಾದ ಕಾಲದಿಂದಲೇ ಬಂದ ನಿಯಮ.

ಮೋಸಗಾರರು ಬರುತ್ತಾರೆಂಬ ಭಯ ಆಗಲೂ ಇತ್ತು. ರಬ್ಬಿ ಎಲಾಜಾರ್ ಹೇಳಿದ ಮಾತು ಇದಕ್ಕೆ ಉತ್ತರ: ಮೋಸಗಾರರಿಗೆ ನಾವು ಕೃತಜ್ಞರಾಗಿರಬೇಕು, ಅವರಿಲ್ಲದಿದ್ದರೆ ಕೇಳಿದವರಿಗೆಲ್ಲ ಕೊಡದ ನಾವು ದಿನವೂ ಪಾಪ ಕಟ್ಟಿಕೊಳ್ಳುತ್ತಿದ್ದೆವು. ಸುಳ್ಳು ಹೇಳಿ ಬೇಡುವವರು ಇದ್ದಾರೆ ಎಂಬುದು ಕೊಡದವನ ಮನಸ್ಸಿಗೆ ಸಿಗುವ ನೆಪ, ಅದಕ್ಕಿಂತ ಹೆಚ್ಚಿನದೇನೂ ಅಲ್ಲ ಎಂದು ನಾವು ಈ ಮಾತನ್ನು ಓದುತ್ತೇವೆ.

ಪಟ್ಟಿಯಲ್ಲಿ ಹೆಂಗಸರು ಬಹಳ. ವಿಧವೆಯರು, ಗಂಡ ವ್ಯಾಪಾರಕ್ಕೆಂದು ಹೋಗಿ ವರ್ಷಗಟ್ಟಲೆ ಬಾರದವರು, ಮದುವೆಯ ಕರಾರಿನಲ್ಲಿ ಬರೆದ ಹಣ ಗಂಡನ ಮನೆಯವರಿಂದ ಕೈಸೇರದವರು. ಊಟ, ಬಟ್ಟೆಯಲ್ಲಿ ಗಂಡಸಿಗಿಂತ ಮೊದಲು ಹೆಂಗಸಿಗೆ ಕೊಡಬೇಕು, ಏಕೆಂದರೆ ಗಂಡಸು ಬಾಗಿಲು ಬಾಗಿಲಿಗೆ ಹೋಗಿ ಕೇಳಬಲ್ಲ, ಹೆಂಗಸಿಗೆ ಅದು ಆಗದು ಎಂಬುದು ಶಾಸ್ತ್ರದ ವಿವರಣೆ.

ರೊಟ್ಟಿಯ ಜೊತೆಗೆ ಗೋಧಿ, ಬಟ್ಟೆ, ಒಮ್ಮೊಮ್ಮೆ ನಗದು ಹಂಚಿದ ಪಟ್ಟಿಗಳೂ ಇವೆ. ಎಂದಮೇಲೆ ನಾಲ್ಕು ರೊಟ್ಟಿ ಒಂದು ಕುಟುಂಬದ ಒಟ್ಟು ಆಧಾರವಾಗಿರಲಿಲ್ಲ. ಅದು ಯಾರಿಗೂ ತಪ್ಪದ ಪಾಲು. ಕೈಯಲ್ಲಿರುವ ಹಣದಲ್ಲಿ ಕೆಲವರಿಗೆ ಹೊಟ್ಟೆ ತುಂಬ ಕೊಟ್ಟು ಉಳಿದವರನ್ನು ಹಿಂದಕ್ಕೆ ಕಳಿಸುವುದೋ, ಬಂದವರಿಗೆಲ್ಲ ಒಂದಿಷ್ಟು ಕೊಡುವುದೋ ಎಂಬ ಪ್ರಶ್ನೆಗೆ ಫುಸ್ತಾತ್ ಎರಡನೆಯದನ್ನು ಆರಿಸಿತು. ನಿರಾಶ್ರಿತರು ಮತ್ತೆ ಮತ್ತೆ ಬರುತ್ತಲೇ ಇದ್ದ ಊರಿಗೆ ಅದೇ ಸರಿಯಾದ ಆಯ್ಕೆ ಎಂದು ನಮ್ಮ ಅಭಿಪ್ರಾಯ. ಕೊರತೆ ತುಂಬುವಷ್ಟು ಕೊಡಬೇಕೆಂಬ ಆಜ್ಞೆ ಬೇರೆ ಬಾಗಿಲುಗಳಿಂದ ನೆರವೇರಬೇಕಿತ್ತು.

ಸಾಲಿಗೆ ಬಾರದವರು

ಬಿರುಕು ಇರುವುದು ಇಲ್ಲಿ. ರೊಟ್ಟಿ ಪಡೆಯಬೇಕಾದರೆ ಜನರ ಕಣ್ಣಿಗೆ ಬೀಳಬೇಕು, ಹೆಸರು ಪಟ್ಟಿಗೇರಬೇಕು. ಒಂದು ಕಾಲಕ್ಕೆ ಚೆನ್ನಾಗಿ ಬಾಳಿ, ಕಾಯಿಲೆಯಿಂದಲೋ ಹಡಗು ಮುಳುಗಿಯೋ ಸಾಲದಿಂದಲೋ ಬಿದ್ದವರು ಇದನ್ನು ಸಾವಿಗಿಂತ ಕಡೆಯೆಂದು ಕಂಡರು. ಅವರ ಮನವಿ ಪತ್ರಗಳು ಗೆನಿಜಾದಲ್ಲಿ ನೂರಾರಿವೆ. ಮತ್ತೆ ಮತ್ತೆ ಬರುವ ಮಾತು ಒಂದೇ: ಇಷ್ಟು ದಿನ ಮರೆಯಲ್ಲಿದ್ದೆ, ಯಾರ ಎದುರಿಗೂ ಮುಖ ತೆರೆದವನಲ್ಲ, ಈಗ ಬೇರೆ ದಾರಿಯಿಲ್ಲ. ಪತ್ರ ಹೋಗುತ್ತಿದ್ದುದು ಸಮುದಾಯದ ಕಚೇರಿಗಲ್ಲ. ಒಬ್ಬ ಉದಾರಿ ವರ್ತಕನಿಗೋ ನ್ಯಾಯಾಧೀಶನಿಗೋ ಮುಖಂಡನಿಗೋ. ಕೆಲವರು ಹಿಂದಿನ ಊರಿನ ಮುಖಂಡರಿಂದ ಶಿಫಾರಸು ಪತ್ರ ತರುತ್ತಿದ್ದರು.

ಇಂಥವರಿಗೆ ಹೇಗೆ ಕೊಡಬೇಕೆಂಬುದಕ್ಕೆ ಮಾದರಿ ತಾಲ್ಮುದ್‌ನ ಮಾರ್ ಉಕ್ವಾನ ಪ್ರಸಂಗದಲ್ಲಿದೆ. ಆತ ನೆರೆಯ ಬಡವನೊಬ್ಬನ ಮನೆಬಾಗಿಲ ಕೀಲಿನ ಸಂದಿಗೆ ದಿನವೂ ನಾಲ್ಕು ಜೂಜ್ ಹಾಕಿ ಹೋಗುತ್ತಿದ್ದ. ಯಾರೆಂದು ತಿಳಿಯಲು ಬಡವ ಒಂದು ದಿನ ಹಿಂದೆ ಬಿದ್ದಾಗ ಮಾರ್ ಉಕ್ವಾನೂ ಅವನ ಹೆಂಡತಿಯೂ ಓಡಿಹೋಗಿ, ಆಗಷ್ಟೇ ಕೆಂಡ ಗೋರಿದ್ದ ಒಲೆಯೊಳಗೆ ಅಡಗಿದರು, ಮಾರ್ ಉಕ್ವಾನ ಕಾಲು ಸುಟ್ಟಿತು. ಇನ್ನೊಬ್ಬರನ್ನು ಎಲ್ಲರೆದುರು ತಲೆತಗ್ಗಿಸುವಂತೆ ಮಾಡುವುದಕ್ಕಿಂತ ಬೆಂಕಿಗೆ ಬೀಳುವುದು ಲೇಸು ಎಂದು ಆ ಪ್ರಸಂಗ ಹೇಳುತ್ತದೆ. ಹಿಲ್ಲೆಲ್ ಎಂಬ ಹಿರಿಯ, ಕೆಳಗೆ ಬಿದ್ದ ಸಿರಿವಂತನೊಬ್ಬನಿಗೆ ಸವಾರಿಗೆ ಕುದುರೆ, ಮುಂದೆ ಓಡಲು ಆಳು ಒದಗಿಸಿದ. ಒಂದು ದಿನ ಆಳು ಸಿಗದಾಗ ತಾನೇ ಮೂರು ಮೈಲಿ ಓಡಿದ ಎಂಬುದೂ ಅಲ್ಲೇ ಇದೆ. ಒಬ್ಬೊಬ್ಬನ ಕೊರತೆ ಒಂದೊಂದು ಬಗೆ.

ಗುಟ್ಟಾಗಿ ಕೊಡುವ ಈ ದಾರಿಯ ಬೆಲೆಯೇನೆಂದರೆ, ಅದು ಪರಿಚಯವನ್ನು ಅವಲಂಬಿಸುತ್ತದೆ. ಚೆಂದದ ಅಕ್ಷರದಲ್ಲಿ ಪತ್ರ ಬರೆಯಬಲ್ಲವನಿಗೆ, ಬರೆಸಬಲ್ಲವನಿಗೆ ಉತ್ತರ ಬಂದೀತು. ಊರು, ಭಾಷೆ ಎರಡೂ ಹೊಸದಾದ ಹೆಂಗಸಿಗೆ ಆ ಬಾಗಿಲು ಮುಚ್ಚಿದ್ದೇ. ಆಕೆಗೆ ಉಳಿದದ್ದು ಸಾಲು, ನಾಲ್ಕು ರೊಟ್ಟಿ. ಹಾಗಾಗಿ ಮಾನವೂ ಹಸಿವೂ ಎರಡೂ ಇದ್ದು ಪರಿಚಯ ಮಾತ್ರ ಇಲ್ಲದವರನ್ನು ಈ ಏರ್ಪಾಡು ಪೂರ್ತಿ ಕಾಪಾಡಲಿಲ್ಲ.

ಒಮ್ಮೆಗೇ ಎರಗುವ ಖರ್ಚುಗಳು

ಯಹೂದಿಗಳೂ ಕ್ರೈಸ್ತರೂ ಮುಸ್ಲಿಂ ಆಡಳಿತಕ್ಕೆ ತಲೆಗಂದಾಯ ಕಟ್ಟಬೇಕಿತ್ತು. ಕಡಿಮೆ ದರ್ಜೆಯವನಿಗೂ ವರ್ಷಕ್ಕೆ ಒಂದೂವರೆ ದಿನಾರಿಗಿಂತ (ಚಿನ್ನದ ನಾಣ್ಯ) ತುಸು ಹೆಚ್ಚು. ಗೋಯ್ಟೈನ್ ಲೆಕ್ಕದಲ್ಲಿ ಸಾಧಾರಣ ಕುಟುಂಬವೊಂದರ ತಿಂಗಳ ಖರ್ಚು ಎರಡು ದಿನಾರ್. ಕಟ್ಟದವನಿಗೆ ಸೆರೆಮನೆ. ಆದ್ದರಿಂದ ಕಂದಾಯಕ್ಕೆ ನೆರವು ಕೇಳಿದ ಪತ್ರಗಳು ಬಹಳ. ವಸೂಲಿಯವನ ಕಣ್ಣುತಪ್ಪಿಸಿ ಅಡಗಿಕೊಂಡವನಿಗೆ ದುಡಿಯಲೂ ಆಗದು, ರೊಟ್ಟಿಯ ಸಾಲಿಗೂ ಬರಲಾಗದು.

ಇನ್ನೊಂದು ಸೆರೆಯವರ ಬಿಡುಗಡೆ. ಕಡಲುಗಳ್ಳರು ಹಿಡಿದ ಯಹೂದಿಗಳನ್ನು ಅಲೆಕ್ಸಾಂಡ್ರಿಯಾಕ್ಕೆ ತಂದು ಮಾರುತ್ತಿದ್ದರು. ರೂಢಿಯ ದರ ಮೂವರಿಗೆ 100 ದಿನಾರ್, ಅಂದರೆ ತಲೆಗೆ 33⅓. ಒಂದು ಕುಟುಂಬದ ಹದಿನಾರು ಹದಿನೇಳು ತಿಂಗಳ ಖರ್ಚು. ಸೆರೆಯವರನ್ನು ಬಿಡಿಸುವುದಕ್ಕಿಂತ ದೊಡ್ಡ ಧರ್ಮಕಾರ್ಯವಿಲ್ಲ ಎಂದು ಮೈಮೊನಿಡಿಸ್ ಬರೆದ. ಆದರೆ ಬೆಲೆಗೆ ಮೀರಿ ಕೊಟ್ಟು ಬಿಡಿಸಬಾರದು ಎಂಬ ಮಿಶ್ನಾದ ಕಟ್ಟುಪಾಡೂ ಇದೆ. ಹೆಚ್ಚು ಕೊಟ್ಟಷ್ಟೂ ಹಿಡಿಯುವವರಿಗೆ ಹುರುಪು. 1168ರ ನವೆಂಬರಿನಲ್ಲಿ ಕ್ರುಸೇಡರುಗಳ ದೊರೆ ಅಮಾಲ್ರಿಕ್ ಈಜಿಪ್ಟಿನ ಬಿಲ್ಬೈಸ್ ಪಟ್ಟಣವನ್ನು ಹಿಡಿದಾಗ ಅನೇಕರು ಸೆರೆಯಾದರು. ಮರುವರ್ಷ, ಸೆರೆಯವರ ಬಿಡುಗಡೆಗೆ ಹಣ ಕೂಡಿಸಿ ಎಂದು ಮೈಮೊನಿಡಿಸ್ ಇತರ ಊರುಗಳಿಗೆ ಕಳಿಸಿದ ಮನವಿ ಇಂದಿಗೂ ಉಳಿದಿದೆ. ಅದೇ 1168ರಲ್ಲಿ ಫುಸ್ತಾತ್‌ಗೇ ಬೆಂಕಿ ಬಿದ್ದಿತ್ತು ಎಂಬುದನ್ನು ನೆನೆದರೆ ಆ ಪತ್ರದ ತೂಕ ತಿಳಿಯುತ್ತದೆ.

ಮೊದಲು ಬಂಧುಗಳು: ಮಂಗಳೂರಿನಿಂದ ಹೊರಟ ಸಂಪತ್ತು

ನಿಯಮದಲ್ಲಿ ಸರದಿಯೂ ಇದೆ. ಮನೆಯ ಬಡವರು, ಆಮೇಲೆ ಊರಿನ ಬಡವರು, ಆಮೇಲೆ ಬೇರೆ ಊರಿನವರು. ಇದಕ್ಕೆ ಗೆನಿಜಾದಲ್ಲಿರುವ ಒಳ್ಳೆಯ ಉದಾಹರಣೆ ನಮ್ಮ ಕರಾವಳಿಗೆ ಸೇರಿದ್ದು. ಟ್ಯುನಿಸಿಯಾದ ಮಹ್ದಿಯಾ ಊರಿನ ಅಬ್ರಹಾಂ ಬೆನ್ ಯಿಜು 1132ರ ಹೊತ್ತಿಗೆ ಮಂಗಳೂರಿನಲ್ಲಿದ್ದ. ಅಲ್ಲಿ ಕಂಚು ಹಿತ್ತಾಳೆಯ ಕಾರ್ಖಾನೆ ನಡೆಸಿದ, ಅಶು ಎಂಬ ದಾಸಿಗೆ ಬಿಡುಗಡೆ ಪತ್ರ ಬರೆದ. ಅವನ ವ್ಯವಹಾರ ನೋಡಿಕೊಳ್ಳುತ್ತಿದ್ದ ಬೊಮ್ಮನ ಹೆಸರೂ ಪತ್ರಗಳಲ್ಲಿ ಬರುತ್ತದೆ. 1148ರಲ್ಲಿ ಸಿಸಿಲಿಯ ದೊರೆ ಎರಡನೇ ರೋಜರ್ ಮಹ್ದಿಯಾವನ್ನು ಗೆದ್ದಾಗ ಬೆನ್ ಯಿಜುವಿನ ಒಡಹುಟ್ಟಿದವರು ದಿಕ್ಕಾಪಾಲಾದರು. 1149ರಲ್ಲಿ ಅವನು ಯೆಮನ್‌ನ ಬಂದರು ಏಡನ್‌ಗೆ ಮರಳಿ, ನನ್ನ ಬಳಿ ಇರುವುದು ನಮ್ಮೆಲ್ಲರ ಬದುಕಿಗೆ ಸಾಕು, ಬನ್ನಿ ಎಂಬ ಅರ್ಥದಲ್ಲಿ ಅವರಿಗೆ ಬರೆದ. ಅಣ್ಣತಮ್ಮಂದಿರ ಮಕ್ಕಳಲ್ಲಿ ಒಬ್ಬನಿಗೆ ಮಗಳನ್ನು ಕೊಡುವ ಮಾತನ್ನೂ ಸೇರಿಸಿದ. ಆ ಮದುವೆ 1156ರಲ್ಲಿ ಫುಸ್ತಾತ್‌ನಲ್ಲಿ ನಡೆಯಿತು.

ಹೀಗೆ ಬಂಧುವೊಬ್ಬ ಎತ್ತಿಕೊಂಡ ಕುಟುಂಬ ರೊಟ್ಟಿಯ ಪಟ್ಟಿಗೆ ಬರುವುದೇ ಇಲ್ಲ. ಪಟ್ಟಿಯಲ್ಲಿ ಕಾಣುವುದು ಮೊದಲ ಸರದಿ ವಿಫಲವಾದವರು. ಬೆನ್ ಯಿಜುವಿನಂಥ ಅಣ್ಣ ಇಲ್ಲದವರು.

ಮೇಲಿನ ಮೆಟ್ಟಿಲು

ಮೈಮೊನಿಡಿಸ್ ದಾನಕ್ಕೆ ಎಂಟು ಮೆಟ್ಟಿಲು ಹೇಳಿದ್ದಾನೆ. ಎಲ್ಲಕ್ಕಿಂತ ಮೇಲಿನದು, ಬೀಳುತ್ತಿರುವವನಿಗೆ ಉಡುಗೊರೆಯನ್ನೋ ಸಾಲವನ್ನೋ ಕೊಟ್ಟು, ಇಲ್ಲವೆ ವ್ಯಾಪಾರದಲ್ಲಿ ಪಾಲು ಸೇರಿಸಿಕೊಂಡು, ಇಲ್ಲವೆ ಕೆಲಸ ಹುಡುಕಿಕೊಟ್ಟು ಅವನು ಬೇಡದಂತೆ ಮಾಡುವುದು. ಅದರ ಕೆಳಗೆ, ಕೊಟ್ಟವನಿಗೂ ಪಡೆದವನಿಗೂ ಪರಸ್ಪರ ಗೊತ್ತಿಲ್ಲದಂತೆ ಕೊಡುವುದು. ಹುಂಡಿಗೆ ಹಾಕುವುದು ಇದಕ್ಕೆ ಹತ್ತಿರದ್ದು, ಆದರೆ ಹುಂಡಿ ನಡೆಸುವವನು ನಂಬಿಕಸ್ಥ, ವಿವೇಕಿ ಎಂದು ತಿಳಿದರೆ ಮಾತ್ರ ಹಾಕು ಎಂಬ ಷರತ್ತಿದೆ. ಎಲ್ಲಕ್ಕಿಂತ ಕೆಳಗಿನದು ಮುಖ ಗಂಟಿಕ್ಕಿ ಕೊಡುವುದು.

ಫುಸ್ತಾತ್‌ನ ರೊಟ್ಟಿ ಎರಡನೆಯ ಮೆಟ್ಟಿಲಿನ ಬಳಿ ನಿಲ್ಲುತ್ತದೆ: ಪಡೆದವನಿಗೆ ಕೊಟ್ಟವನಾರೆಂದು ತಿಳಿಯದು. ಆದರೆ ಪಡೆದವನು ಯಾರೆಂದು ಊರಿಗೆಲ್ಲ ತಿಳಿಯುತ್ತಿತ್ತು. ಮೊದಲನೆಯ ಮೆಟ್ಟಿಲು ಪಟ್ಟಿಗಳಲ್ಲಿ ಕಾಣುವುದಿಲ್ಲ, ಕಾಣುವುದು ಸಾಧ್ಯವೂ ಇರಲಿಲ್ಲ. ಪಾಲುದಾರಿಕೆಗೆ, ಸಾಲಕ್ಕೆ ಒಬ್ಬನನ್ನು ಚೆನ್ನಾಗಿ ಬಲ್ಲ ಇನ್ನೊಬ್ಬ ಬೇಕು. ನೂರಾರು ಹೊಸಮುಖಗಳ ಎದುರು ನಿಂತ ಇಬ್ಬರು ಮೂವರು ಪರ್ನಾಸ್‌ಗಳಿಂದ ಆಗುವ ಕೆಲಸ ಎಣಿಸುವುದು, ತೂಗುವುದು, ಯಾರನ್ನೂ ಬಿಡದೆ ಕೊಡುವುದು. ಅದನ್ನು ಅವರು ನಿಷ್ಠೆಯಿಂದ ಮಾಡಿದರು.

ಮುಂದೆ ರೀತಿ ತುಸು ಬದಲಾಯಿತು. ಮೈಮೊನಿಡಿಸ್‌ನ ಮಗ ಅಬ್ರಹಾಂ ಈಜಿಪ್ಟಿನ ಯಹೂದಿಗಳ ಮುಖ್ಯಸ್ಥನಾಗಿದ್ದಾಗ, 1218ರ ಆಸುಪಾಸಿನಲ್ಲಿ, ಇಂಥವರಿಗೆ ಇಷ್ಟು ಕೊಡಿ ಎಂದು ಸಮುದಾಯದ ಖಜಾಂಚಿಗೆ ಬರೆದ ಸಣ್ಣ ಸಣ್ಣ ಪಾವತಿ ಚೀಟಿಗಳು ದೊರೆತಿವೆ. ಚೀಟಿಯಿಂದ ಕೆಲಸ ಬೇಗ ಆಗುತ್ತದೆ, ಒಬ್ಬೊಬ್ಬರ ಅಗತ್ಯಕ್ಕೆ ತಕ್ಕ ಮೊತ್ತ ಬರೆಯಬಹುದು, ಸಾಲಿನಲ್ಲಿ ನಿಲ್ಲಿಸಬೇಕಿಲ್ಲ. ಆದರೆ ಚೀಟಿ ಬೇಕೆನ್ನುವವನು ಮೊದಲು ಮುಖ್ಯಸ್ಥನ ತನಕ ತಲುಪಬೇಕು.